ಒಂದು ಡಬ್ಬಿಯೋ, ಎರಡು ಡಬ್ಬಿಯೋ

1998ರಲ್ಲಿ ನಾನು ಬೈಲಹೊಂಗಲದಲ್ಲಿ ಆಂಪ್ಲಿಫೈಯರ್ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದೆ. ಕಿತ್ತೂರಿನಿಂದ ರಾಮದುರ್ಗದವರೆಗಿನ ಆರ್ಕೆಸ್ಟ್ರಾದವರು ಕೆಟ್ಟ ಸಾಮಾನು ಹೊತ್ತು ನನ್ನಲ್ಲಿಗೆ ಬರುತ್ತಿದ್ದರು. ಸರಿಯಾದ ಮೇಲೆ ಯಾರೂ ನಿಲ್ಲುತ್ತಿರಲಿಲ್ಲ. ಹಾಡುಗಳು ಬೇರೆಲ್ಲೋ ನಡೆಯುತ್ತಿದ್ದವು. ನನ್ನ ಪಾಲಿಗೆ ಟೆಸ್ಟಿಂಗ್‌ನ ಒಂದೇ ಸ್ವರ.

ಆ ವರ್ಷ ಸವದತ್ತಿಯ ಪ್ರಕಾಶ ಬಂದರು. ಔಷಧ ಅಂಗಡಿಯಲ್ಲಿ ಕೆಲಸ, ಮದುವೆ-ಗಣೇಶೋತ್ಸವಗಳಲ್ಲಿ ಹಾಡಿನ ತಳಕ್ಕೆ ತಗ್ಗಿನ ಸ್ವರ ಕೊಡುವ ಬೇಸ್ ಗಿಟಾರ್. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಹಳೆಯ ಕಾಂಬೊದ ಸ್ಪೀಕರ್ ಹರಿದಿತ್ತು. ಕಾಂಬೊ ಎಂದರೆ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಎರಡೂ ಒಂದೇ ಡಬ್ಬಿಯಲ್ಲಿರುವುದು. ಇನ್ನೊಂದು ಬಗೆಯಲ್ಲಿ ಅವು ಬೇರೆ ಬೇರೆ: ಆಂಪ್ಲಿಫೈಯರ್ ಇರುವ ಡಬ್ಬಿ ಹೆಡ್, ಸ್ಪೀಕರ್ ಇರುವುದು ಕ್ಯಾಬಿನೆಟ್. ಯಾವುದು ಒಳ್ಳೆಯದು ಎಂದು ಕೇಳಿದರು.

ನಾನು ಉತ್ಸಾಹದಿಂದ ವಿವರಿಸಿದೆ. ಅವರ ಕಾಂಬೊ 60 ವ್ಯಾಟಿನದು. ಬಯಲಿನಲ್ಲಿ ಡ್ರಮ್ಮಿನ ಮುಂದೆ ಅದು ಕೇಳಿಸುವುದೇ ಇಲ್ಲ. 200 ವ್ಯಾಟಿನ ಹೆಡ್, ಹದಿನೈದು ಇಂಚಿನ ಸ್ಪೀಕರಿನ ಕ್ಯಾಬಿನೆಟ್ ಇದ್ದರೆ ನೆಲವೇ ನಡುಗುತ್ತದೆ. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ.

“ಕ್ಯಾಬಿನೆಟ್ ಎಷ್ಟು ವಜನ ಆಗತೈತ್ರಿ?” ಎಂದರು.

“ನಲವತ್ತು ಕಿಲೋ. ಟೀಮಿನ್ಯಾಗ ಎಂಟು ಮಂದಿ ಅದೀರಿ, ಒಬ್ರರೆ ಕೈ ಹಚ್ಚೂದಿಲ್ಲೇನ್ರಿ?”

ಪ್ರಕಾಶ ನಕ್ಕರು. ಅದನ್ನು ಒಪ್ಪಿಗೆ ಎಂದುಕೊಂಡು ನಾನು ಹೆಡ್ಡು, ಕ್ಯಾಬಿನೆಟ್ ಎರಡನ್ನೂ ಕಟ್ಟಿಕೊಟ್ಟೆ.

ಏಳು ತಿಂಗಳ ಮೇಲೆ ರಾಮದುರ್ಗದಲ್ಲಿ ಕೆಲಸ ಮುಗಿಸಿ ಬರುವಾಗ ಸವದತ್ತಿಯಲ್ಲಿ ಇಳಿದೆ. ಔಷಧ ಅಂಗಡಿಯಲ್ಲಿ ವಿಚಾರಿಸಿ ಪ್ರಕಾಶರ ಮನೆ ಹುಡುಕಿಕೊಂಡು ಹೋದೆ. ಅವರು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಗೋಡೆಗೊರಗಿ ಕುಳಿತಿದ್ದರು. ಬಸ್ಸಿನ ಮೇಲಿಂದ ಕ್ಯಾಬಿನೆಟ್ಟನ್ನು ಒಬ್ಬರೇ ಇಳಿಸಲು ಹೋಗಿ ಏಣಿಯಿಂದ ಬಿದ್ದಿದ್ದರು. ತಂಡದವರು ಅದೇ ನಿಲ್ದಾಣದ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದರಂತೆ.

“ಯಾರನ್ನರೆ ಕರೀಬೇಕಿತ್ತಲ್ರಿ?”

“ಎಂಟು ವರ್ಷ ಅವರ ಸಂಗಾಟ ಬಾರಿಸೇನ್ರಿ. ಕರ್ಯಾಕ ನಿಂತ್ರ ಒಬ್ಬರ ಹೆಸರೂ ಬಾಯಿಗಿ ಬರ್ಲಿಲ್ಲ.”

ಅವರು ಹಾಸಿಗೆ ಹಿಡಿದ ಎರಡು ತಿಂಗಳಲ್ಲಿ ತಂಡದ ಕೀಬೋರ್ಡಿನವನು ಎಡಗೈಯಲ್ಲೇ ಬೇಸ್ ನುಡಿಸುವುದನ್ನು ರೂಢಿ ಮಾಡಿಕೊಂಡಿದ್ದ. ಮತ್ತೆ ಯಾರೂ ಅವರನ್ನು ಕರೆಯಲಿಲ್ಲ.

ತಪ್ಪು ನನ್ನದೆಂದು ಹೇಳಿದೆ. ಅವರು ಮಾತು ಬೇರೆ ಕಡೆಗೆ ತಿರುಗಿಸಿದರು. ಹೆಡ್ಡನ್ನು ಅಂಗಡಿಗೆ ಒಯ್ದು, ಅದರ ಒಳಗಿನದನ್ನೆಲ್ಲ ಬಿಚ್ಚಿ, ಹನ್ನೆರಡು ಇಂಚಿನ ಸ್ಪೀಕರಿನೊಂದಿಗೆ ತೆಳು ಪ್ಲೈವುಡ್ಡಿನ ಒಂದೇ ಡಬ್ಬಿಯಲ್ಲಿ ಕೂರಿಸಿದೆ. ಹದಿನೆಂಟು ಕಿಲೋ ತೂಗಿತು. ತಳದ ಸ್ವರಗಳು ಮೊದಲಿನಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಮುಂದಿನ ರವಿವಾರ ನಾನೇ ಅದನ್ನು ಹೊತ್ತು ಸವದತ್ತಿಗೆ ಹೋದೆ.

ಪ್ರಕಾಶ ತಂತಿ ಶ್ರುತಿ ಮಾಡಿಕೊಂಡು ಒಂದು ಹಾಡಿನ ಬೇಸ್ ಅನ್ನು ಮೊದಲಿಂದ ಕೊನೆಯವರೆಗೆ ನುಡಿಸಿದರು. ಹಾಡುವವರಿಲ್ಲ, ಡ್ರಮ್ಮಿಲ್ಲ. ಬರೀ ತಗ್ಗಿನ ಸ್ವರಗಳು ಆ ಕೋಣೆಯಲ್ಲಿ ಒಂದಾದ ಮೇಲೊಂದು ನಡೆದುಹೋದವು.

“ಯಾವ ಹಾಡು ಹೇಳ್ರಿ?”

“ಗೊತ್ತಾಗಲಿಲ್ರಿ.”

“ಇದನ್ನೊಂದಽ ಕೇಳಿದ್ರ ಯಾರಿಗೂ ಗೊತ್ತಾಗೂದಿಲ್ರಿ. ಕುಂಡ್ರಿ, ಇನ್ನೊಮ್ಮೆ ಬಾರಸ್ತೇನಿ.”

ನನಗೂ ಬೈಲಹೊಂಗಲದಲ್ಲಿ ಕಾಯುವವರು ಯಾರೂ ಇರಲಿಲ್ಲ. ಕುಳಿತೆ.

ಪ್ರಕಾಶ ವೇದಿಕೆಗೆ ಮರಳಲಿಲ್ಲ. ಆ ಕಡೆ ಕೆಲಸವಿದ್ದಾಗಲೆಲ್ಲ ನಾನು ಅವರ ಮನೆಗೆ ಹೋಗುತ್ತಿದ್ದೆ. ಮೂರನೆಯ ವರ್ಷ, ಬರೀ ಬೇಸ್ ಕೇಳಿ ಒಂದು ಹಾಡನ್ನು ಗುರುತಿಸಿದೆ. ಅವರು ಗಿಟಾರ್ ಕೆಳಗಿಟ್ಟು ಬಹಳ ಹೊತ್ತು ನಕ್ಕರು.

ಈಗಲೂ ಕಾಂಬೊ ಒಳ್ಳೆಯದೋ, ಹೆಡ್-ಕ್ಯಾಬಿನೆಟ್ ಒಳ್ಳೆಯದೋ ಎಂದು ಕೇಳಿಕೊಂಡು ಯಾರಾದರೂ ಬಂದರೆ ನಾನು ವ್ಯಾಟಿನ ಮಾತು ತೆಗೆಯುವುದಿಲ್ಲ. “ನಿಮ್ಮ ಸಂಗಾಟ ಯಾರು ಬರ್ತಾರ್ರಿ?” ಎಂದು ಮೊದಲು ಕೇಳುತ್ತೇನೆ. ಉತ್ತರ ತಡವಾದರೆ ಕಾಂಬೊ ತೋರಿಸುತ್ತೇನೆ.