ಕಪ್ ಗೆದ್ದ ಮರುವರ್ಷ

ಜಯನಗರದ ನಾಲ್ಕನೇ ಬ್ಲಾಕಿನ ಹಿಂದಿನ ಅಡ್ಡರಸ್ತೆಯೊಂದರಲ್ಲಿ ಹಿಟ್ಟಿನ ಗಿರಣಿಯೊಂದು ಹೇಗೋ ಇನ್ನೂ ಉಳಿದುಕೊಂಡಿದೆ. ಹೋದ ತಿಂಗಳು ಚಿಕ್ಕಪ್ಪನನ್ನು ಸಕ್ಕರೆ ಕಾಯಿಲೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಸ್ಕೂಟರ್ ನಿಲ್ಲಿಸಲು ಜಾಗ ಸಿಗದೆ ಮೂರು ಸುತ್ತು ಹಾಕಿ ಸಾಕಾಗಿ, ಕೊನೆಗೆ ಆ ಗಿರಣಿಯ ಎದುರಿಗೇ ನಿಲ್ಲಿಸಿದೆ. ಹೆಲ್ಮೆಟ್ ತೆಗೆದದ್ದೇ ತಡ, ಹುರಿಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅರಳಿಸಿದ ರಾಗಿಯನ್ನು ಬೀಸುವಾಗ ಏಳುವ ಆ ಬೆಚ್ಚನೆಯ, ತುಸು ಸೀದ, ತುಸು ಸಿಹಿಯಾದ ವಾಸನೆ ನಿಮಗೂ ಗೊತ್ತಿರಬಹುದು. ಬೇರೆಯವರಿಗೆ ಅದರಿಂದ ಬಾಯಲ್ಲಿ ನೀರೂರುತ್ತದೆ. ನಾನು ಮಾತ್ರ ಮುಖ ತಿರುಗಿಸಿಕೊಳ್ಳುತ್ತೇನೆ, ನಲವತ್ತು ದಾಟಿದ ಮೇಲೂ. ಚಿಕ್ಕಪ್ಪ ಒಂದೊಂದೇ ಕಾಲು ಇಳಿಸಿ, ಮಂಡಿ ಹಿಡಿದುಕೊಂಡು ನಿಂತು, ಒಮ್ಮೆ ಗಾಳಿಯನ್ನು ಜೋರಾಗಿ ಎಳೆದುಕೊಂಡ.

ನಮ್ಮ ಮನೆ ಅರೆಕೆರೆಯಲ್ಲಿತ್ತು. ಬನ್ನೇರುಘಟ್ಟ ರಸ್ತೆಯಿಂದ ಒಳಗೆ ತಿರುಗಿದರೆ ಈಗ ಕಾಣುವ ಬಾಲ್ಕನಿಗಳು, ಒಣಗಲು ಹಾಕಿದ ಯಾರ್ಯಾರದೋ ಬಟ್ಟೆಗಳು, ನೀರಿನ ಟ್ಯಾಂಕರುಗಳು, ಇವುಗಳ ಕೆಳಗೆ ಎಲ್ಲೋ ಆ ಹೆಂಚಿನ ಮನೆ ಇತ್ತು. ಮುಂದೆ ಜಗಲಿ, ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಕೊನೆಗೆ ಉಳಿದಿದ್ದ ಎರಡು ಹಸುಗಳು. ನಡುಮನೆಯ ಮೂಲೆಯಲ್ಲಿ ರಾಗಿ ಮೂಟೆ ತೂಗುವ ಕಬ್ಬಿಣದ ಯಂತ್ರ. ತಾತ, ಅಜ್ಜಿ, ಅಪ್ಪ, ಅಮ್ಮ, ನಾನು, ಮತ್ತು ಇನ್ನೂ ಮದುವೆಯಾಗದ ಚಿಕ್ಕಪ್ಪ ಮುನಿರಾಜು, ಇಷ್ಟು ಜನ ಅಲ್ಲಿದ್ದೆವು. ಮನೆಯ ಪಕ್ಕಕ್ಕೆ ಕಣ. ಹೊಲಗಳೆಲ್ಲ ಬಡಾವಣೆಗೆ ಹೋದ ಮೇಲೆ ಒಕ್ಕಲು ರಾಗಿಯೇ ಇಲ್ಲದೆ ಕಣ ಸುಮ್ಮನೆ ಬಿದ್ದುಕೊಂಡಿತ್ತು. ಚಿಕ್ಕಪ್ಪ ಮತ್ತು ಅವನ ಸ್ನೇಹಿತರು ಅದನ್ನು ಅಗೆದು, ಕಲ್ಲು ಆರಿಸಿ, ಮಣ್ಣನ್ನು ಜರಡಿ ಹಿಡಿದು, ಭತ್ತದ ಹೊಟ್ಟು ಬೆರೆಸಿ, ನೀರು ಚಿಮುಕಿಸಿ, ಬರಿಗಾಲಲ್ಲಿ ತುಳಿದು ತುಳಿದು ಕಬಡ್ಡಿ ಅಂಗಳ ಮಾಡಿಕೊಂಡಿದ್ದರು. ಸಂಜೆ ಐದಕ್ಕೆ ಕಣದಿಂದ ಎದ್ದ ಧೂಳು ನಮ್ಮ ಜಗಲಿಯ ಮೇಲೆ ಬಂದು ಕೂರುತ್ತಿತ್ತು. ಅಮ್ಮ ದಿನಕ್ಕೆರಡು ಸಲ ಗುಡಿಸಿ ಬೈಯುತ್ತಿದ್ದಳು, ಆದರೆ ಆಟ ನೋಡಲು ಪೊರಕೆ ಹಿಡಿದುಕೊಂಡೇ ನಿಲ್ಲುತ್ತಿದ್ದಳು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ತಂಡ ತಾಲೂಕಿನ ಪಂದ್ಯಾವಳಿಯಲ್ಲಿ ಗೆದ್ದಿತು. ಅರವತ್ತು ಕೆಜಿ ಒಳಗಿನವರ ಪಂದ್ಯ ಅದು. ಆಟಕ್ಕೆ ಮೊದಲು ಒಬ್ಬೊಬ್ಬರನ್ನೂ ತೂಕಕ್ಕೆ ನಿಲ್ಲಿಸಿ, ಅರವತ್ತಕ್ಕಿಂತ ಹೆಚ್ಚಿದ್ದರೆ ಹೊರಗೆ ಕಳಿಸುತ್ತಿದ್ದರು. ಕೊನೆಯ ದಾಳಿಗೆ ಹೋಗಿ ಇಬ್ಬರನ್ನು ಮುಟ್ಟಿ, ಮೂವರು ಹಿಡಿದುಕೊಂಡಿದ್ದರೂ ಉಸಿರು ಬಿಡದೆ ಮಧ್ಯದ ಗೆರೆಗೆ ಕೈ ತಾಗಿಸಿದವನು ನಮ್ಮ ಚಿಕ್ಕಪ್ಪ. ವರ್ಷದ ಮಟ್ಟಿಗೆ ಗೆದ್ದವರ ಬಳಿ ಇಟ್ಟುಕೊಂಡು ಹಿಂದಿರುಗಿಸಬೇಕಾದ ಬೆಳ್ಳಿ ಬಣ್ಣದ ಕಪ್ ನಮ್ಮ ಮನೆಗೆ ಬಂತು. ಅಜ್ಜಿ ಅದನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು, ಶುಕ್ರವಾರ ಶುಕ್ರವಾರ ಕುಂಕುಮ ಇಡತೊಡಗಿದಳು. ಆ ಹೊತ್ತಿಗಾಗಲೇ ತಾತ ಕಣದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಲು ಮೇಸ್ತ್ರಿಯನ್ನು ಕರೆಸಿ ಅಳತೆ ಹಾಕಿಸಿಯಾಗಿತ್ತು. ಕಪ್ ನೋಡಿದ ಮೇಲೆ ಮೇಸ್ತ್ರಿಯನ್ನು ವಾಪಸ್ ಕಳಿಸಿದ. ಜಗಲಿಯಲ್ಲಿ ಕುಳಿತಿದ್ದ ಇಡೀ ತಂಡದ ಎದುರು, "ಈ ಕಪ್ಪು ನನ್ನ ಮನೇಲಿ ಇರೋಗಂಟ ಕಣಕ್ಕೆ ಗುದ್ದಲಿ ಇಕ್ಕಲ್ಲ ಕಣ್ರಲಾ. ಹೋಯ್ತೋ, ಆಮೇಲೆ ನನ್ನ ಕೇಳಬ್ಯಾಡಿ" ಎಂದ. ತಾತ ಮಾತು ಕೊಟ್ಟರೆ ಉಳಿಸಲೂ ಅಗೆಯಲೂ ಎರಡು ಕಡೆಗೂ ಕೊಟ್ಟಂತೆ, ಅದು ಊರಿಗೇ ಗೊತ್ತಿತ್ತು. ಹುಡುಗರು ಆ ಹೊತ್ತಿಗೆ ಶಿಳ್ಳೆ ಹೊಡೆದರು. ಮುಂದಿನ ವರ್ಷವೂ ಗೆಲ್ಲಲೇಬೇಕು ಎಂಬುದು ಆಮೇಲೆ ನಿಧಾನಕ್ಕೆ ಅವರ ತಲೆಗೆ ಇಳಿಯಿತು.

ಗೆದ್ದವರನ್ನು ಉಪವಾಸ ಬಿಡುವ ಊರಲ್ಲ ನಮ್ಮದು. ಮೊದಲು ಎದುರು ಮನೆಯವರು ಇಡೀ ತಂಡವನ್ನು ಬಾಡೂಟಕ್ಕೆ ಕರೆದರು. ಅವರು ಕರೆದ ಮೇಲೆ ಪಕ್ಕದವರು ಬಿಟ್ಟಾರೆಯೇ? ಪಕ್ಕದವರು ಮುದ್ದೆ, ಕೋಳಿ ಸಾರು ಮಾಡಿದರೆ ಮೂಲೆಮನೆಯವರು ಕುರಿಮರಿಯನ್ನೇ ಕಡಿದರು. ಒಂದು ಮನೆಯಲ್ಲಿ ಎರಡು ಮುದ್ದೆ ಉಂಡು ಇನ್ನೊಂದು ಮನೆಯಲ್ಲಿ ಒಂದೂವರೆಗೆ ಏಳುವ ಹಾಗಿಲ್ಲ, ಅದು ಆ ಮನೆಯ ಹೆಂಗಸಿಗೆ ಮಾಡುವ ಅವಮಾನ. ಹಬ್ಬ, ಹರಕೆ, ಮನೆದೇವರ ಪೂಜೆ, ಮಗುವಿಗೆ ಮುಡಿ ತೆಗೆಸುವುದು, ಯಾವುದಿದ್ದರೂ ಕಪ್ ಗೆದ್ದವರಿಗೆ ಮುಂದಿನ ಸಾಲಿನ ಎಲೆ. ಅದರಲ್ಲೂ ಚಿಕ್ಕಪ್ಪನ ಎಲೆಗೆ ಬಡಿಸುವವರ ಕೈ ಎರಡೆರಡು ಸಲ ಬರುತ್ತಿತ್ತು. ಇಷ್ಟು ಸಾಲದೆಂಬಂತೆ ಮನೆಯಲ್ಲಿ ಅಜ್ಜಿಯ ಹುರಿಹಿಟ್ಟು. ರಾಗಿಗೆ ಮಜ್ಜಿಗೆ ಚಿಮುಕಿಸಿ ಕಟ್ಟಿಟ್ಟು, ಕಾದ ಬಾಣಲೆಯಲ್ಲಿ ಮಲ್ಲಿಗೆಯ ಹಾಗೆ ಅರಳಿಸಿ, ಬೀಸಿ, ಬೆಲ್ಲ ತುಪ್ಪ ಏಲಕ್ಕಿ ಹಾಕಿ, ಹಾಲಿನಲ್ಲಿ ಕಲಸಿ ದೊಡ್ಡ ಹಿತ್ತಾಳೆ ಲೋಟದಲ್ಲಿ ಕೊಡುತ್ತಿದ್ದಳು. ಪ್ರೀತಿ ತೋರಿಸಲು ಆ ಮನೆಯಲ್ಲಿ ಯಾರಿಗೂ ಬೇರೆ ದಾರಿ ಗೊತ್ತಿರಲಿಲ್ಲ.

ಆ ಒಂದು ವರ್ಷ ಚಿಕ್ಕಪ್ಪ ದಣಿದಷ್ಟು ಮತ್ತೆ ಯಾವಾಗಲೂ ದಣಿದಿದ್ದು ನಾನು ಕಾಣೆ. ಸುತ್ತಲಿನ ಊರುಗಳಿಂದ ಸ್ನೇಹದ ಪಂದ್ಯಕ್ಕೆಂದು ಕರೆಯುತ್ತಿದ್ದರು. ಸ್ನೇಹ ಏನೂ ಇರುತ್ತಿರಲಿಲ್ಲ. ಕಪ್ ಗೆದ್ದವನನ್ನು ನಾನು ಕೆಡವಿದೆ ಎಂದು ಹೇಳಿಕೊಳ್ಳುವ ಆಸೆ ಪ್ರತಿಯೊಬ್ಬನಿಗೂ. ಅವನು ಯಾವ ಕಾಲು ಮುಂದಿಡುತ್ತಾನೆ, ಎತ್ತ ತಿರುಗುತ್ತಾನೆ ಎಂದು ಎಲ್ಲರೂ ನೋಡಿ ಕಲಿತುಬಿಟ್ಟಿದ್ದರು. ಎಡ ಮಂಡಿ ಊದಿಕೊಂಡಿತು. ತಂಡದಲ್ಲಿ ಒಬ್ಬ ಮದುವೆಯಾಗಿ ಅಭ್ಯಾಸಕ್ಕೆ ತಪ್ಪಿಸಿಕೊಳ್ಳತೊಡಗಿದ, ಇನ್ನೊಬ್ಬನಿಗೆ ಗಾರ್ಮೆಂಟ್ಸಿನಲ್ಲಿ ಸಂಜೆ ಪಾಳಿ ಬಂತು. ಊರಿನ ಹಿರಿಯರು ಎದುರು ಸಿಕ್ಕಾಗಲೆಲ್ಲ, "ಏನಪ್ಪ ಮುನಿರಾಜು, ಈ ಸಲನೂ ನಮ್ದೇ ತಾನೇ?" ಎನ್ನುತ್ತಿದ್ದರು. ಅವನು ನಗುತ್ತಿದ್ದ. ಮಧ್ಯಾಹ್ನ ಜಗಲಿಯಲ್ಲಿ, ಸನ್ಮಾನದಲ್ಲಿ ಹೊದಿಸಿದ ಶಾಲನ್ನೇ ಮುಖಕ್ಕೆ ಎಳೆದುಕೊಂಡು ಮಲಗಿರುತ್ತಿದ್ದ. ನಿದ್ದೆ ಬಂದಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು, ಏಕೆಂದರೆ ಅವನ ಕಾಲ ಹೆಬ್ಬೆರಳು ಅಲ್ಲಾಡುತ್ತಲೇ ಇರುತ್ತಿತ್ತು.

ಪಂದ್ಯಾವಳಿಗೆ ಎರಡು ತಿಂಗಳಿದ್ದಾಗ ಅವನು ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ನೋಡಿದ. ಅರವತ್ತೈದು. ಅಂದಿನಿಂದ ಊರು ಉಣಿಸಿದ್ದನ್ನೆಲ್ಲ ಅವನೊಬ್ಬನೇ ಇಳಿಸಬೇಕಾಯಿತು. ಬೆಳಿಗ್ಗೆ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಕೆರೆ ಏರಿಯ ಮೇಲೆ ಓಟ, ಮಧ್ಯಾಹ್ನ ಅರ್ಧ ಮುದ್ದೆ, ರಾತ್ರಿ ಮಜ್ಜಿಗೆ. ಯಂತ್ರದ ಅಡ್ಡಪಟ್ಟಿಯ ಮೇಲಿನ ಗುಂಡನ್ನು ಸರಿಸಿ ತೂಕ ಓದುವ ಕೆಲಸ ನನ್ನದು. "ಎಷ್ಟು ಪುಟ್ಟಿ?" ಎಂದು ಕೇಳುವಾಗ ಅವನು ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಅರವತ್ತಮೂರು, ಅರವತ್ತೆರಡು, ಮತ್ತೆ ಅರವತ್ತೆರಡು. ಅಜ್ಜಿ ಇದನ್ನೆಲ್ಲ ನೋಡಿ ಒಳಗೊಳಗೇ ಕುದಿಯುತ್ತಿದ್ದಳು. ಗೆಲ್ಲಬೇಕಾದವನು ಗಟ್ಟಿಯಾಗಿ ಉಣ್ಣಬೇಕಲ್ಲವೇ, ಸೊರಗಿದವನು ಯಾರನ್ನು ಹಿಡಿದಾನು ಎಂಬುದು ಅವಳ ಲೆಕ್ಕ. ಅದು ತಪ್ಪು ಎಂದು ಅವಳಿಗೆ ತಿಳಿಸಿ ಹೇಳುವ ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಗುಂಡು ಅರವತ್ತರ ಗೀಟಿನ ಮೇಲೆ ನೆಟ್ಟಗೆ ನಿಂತಿತು. ನಾನು ಕುಣಿದಾಡಿ ಅಡುಗೆಮನೆಗೆ ಓಡಿದೆ. ಅಲ್ಲಿ ಅಜ್ಜಿ ಆಗಲೇ ಹುರಿಹಿಟ್ಟು ಕಲಸಿ ಲೋಟಕ್ಕೆ ಸುರಿಯುತ್ತಿದ್ದಳು. "ಬರಿ ಹೊಟ್ಟೇಲಿ ಹೊಸಲು ದಾಟಬಾರ್ದು ಕಣವ್ವ. ನಾನು ಕೊಟ್ರೆ ಬೈತಾನೆ. ನಿನ್ನ ಕೈಲಿ ಕೊಟ್ರೆ ಬ್ಯಾಡ ಅನ್ನಲ್ಲ. ಹಾಲು ಅಂದ್ರೆ ನೀರಿದ್ದಂಗೆ, ಅದಕ್ಕೇನು ತೂಕ" ಎಂದು ಲೋಟವನ್ನು ನನ್ನ ಕೈಗಿಟ್ಟಳು. ಬೇಡವೆನ್ನುವಷ್ಟು ಬುದ್ಧಿ ನನಗಿತ್ತು. ಎರಡು ತಿಂಗಳು ಆ ಗುಂಡನ್ನು ಸರಿಸಿದವಳು ನಾನೇ. ಆದರೂ ತೆಗೆದುಕೊಂಡು ಹೋದೆ. ಚಿಕ್ಕಪ್ಪ ಯಂತ್ರದ ಮೇಲೆಯೇ ಕುಳಿತು ಮಂಡಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಲೋಟವನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ತಳದ ಹಿಟ್ಟನ್ನೂ ಬೆರಳಿನಲ್ಲಿ ಬಳಿದು ಕುಡಿದ. ಅಷ್ಟು ಹಸಿದವರು ಕುಡಿಯುವುದನ್ನು ನಾನು ಅದೇ ಮೊದಲು ನೋಡಿದ್ದು. ಖಾಲಿ ಲೋಟ ಹಿಡಿದು ನಾನು ಒಳಗೆ ಓಡಿದೆ.

ಶಾಲೆಯ ಮೈದಾನದಲ್ಲಿ ತೂಕಕ್ಕೆ ನಿಲ್ಲುವ ಮೊದಲು ಅವನು ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟ. ಕೊರಳಿನ ತಾಯಿತ ಕೊಟ್ಟ. ಮುನ್ನೂರು ಗ್ರಾಂ ಹೆಚ್ಚು ಬಂತು. ಅರ್ಧ ಗಂಟೆ ಸಮಯ ಕೊಟ್ಟರು. ಮೂರು ಸ್ವೆಟರ್ ಹಾಕಿಕೊಂಡು, ಮೇಲೆ ಕಂಬಳಿ ಹೊದ್ದು ಬಿಸಿಲಿನಲ್ಲಿ ಮೈದಾನ ಸುತ್ತಿದ. ಯಾರೋ ಓಡಿಹೋಗಿ ಕ್ಷೌರದವನನ್ನು ಕರೆತಂದರು. ತಲೆ ಬೋಳಿಸಿದರು, ಆಮೇಲೆ ಮೀಸೆ. ಎದುರು ತಂಡದವನೊಬ್ಬ, "ಹುಬ್ಬೂ ತೆಗ್ಸು ಗುರು, ಐದು ಗ್ರಾಂ ಸಿಗತ್ತೆ" ಎಂದು ಕೂಗಿದ. ಜನ ನಕ್ಕರು. ಕೊನೆಗೆ ಚಿಕ್ಕಪ್ಪ ಸೊಂಟದ ಬೆಳ್ಳಿ ಉಡಿದಾರಕ್ಕೆ ಕೈ ಹಾಕಿದ. ಹುಟ್ಟಿದಾಗ ಕಟ್ಟಿದ್ದು, ಬೆಳೆದ ಹಾಗೆಲ್ಲ ಬದಲಾಗಿದ್ದು, ಒಂದು ದಿನವೂ ಮೈ ಬಿಟ್ಟಿರದಿದ್ದದ್ದು. ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಾಗ ಅದು ಬೆವರಿನಿಂದ ಬಿಸಿಯಾಗಿತ್ತು. ಆದರೂ ಐವತ್ತು ಗ್ರಾಂ ಉಳಿಯಿತು. ತೂಕ ನೋಡುತ್ತಿದ್ದ ಮೇಷ್ಟ್ರು, "ನಾನೇನು ಮಾಡ್ಲಪ್ಪ, ರೂಲ್ಸು" ಎಂದು ತಲೆ ತಗ್ಗಿಸಿದರು. ಚಿಕ್ಕಪ್ಪನಿಲ್ಲದ ನಮ್ಮ ತಂಡ ಎರಡನೇ ಆಟಕ್ಕೇ ಸೋತಿತು. ಬೋಳು ತಲೆಯ ಮೇಲೆ ಟವಲ್ ಹಾಕಿಕೊಂಡು ಅವನು ಗೆರೆಯಾಚೆ ಕುಳಿತು ಪೂರ್ತಿ ನೋಡಿದ.

ತಾತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಕಪ್ ಒಯ್ಯಲು ಬಂದವರಿಗೆ ಕಾಫಿ ಕೊಡಿಸಿ, ಅಜ್ಜಿ ಇಟ್ಟಿದ್ದ ಕುಂಕುಮವನ್ನು ತನ್ನ ಪಂಚೆಯ ತುದಿಯಿಂದ ಒರೆಸಿ ಕೊಟ್ಟ. ವಾರ ಕಳೆಯುವುದರೊಳಗೆ ಮೇಸ್ತ್ರಿ ಬಂದ. ಚಿಕ್ಕಪ್ಪನೇ ಗುದ್ದಲಿ ತಂದುಕೊಟ್ಟ. ಪಂದ್ಯದ ಬೆಳಿಗ್ಗೆ ಏನು ತಿಂದೆ ಎಂದು ಅವನನ್ನು ಕೇಳಿದವರಿಗೂ ಅವನು, "ಮಂಡಿ ನೋವು, ಓಡಕ್ಕಾಗ್ಲಿಲ್ಲ" ಎಂದಷ್ಟೇ ಹೇಳಿದ್ದ. ಆದರೆ ನಾನು ಸುಮ್ಮನಿರಲಿಲ್ಲ. ಅಜ್ಜಿ ಮಲಗಿದ್ದ ಒಂದು ಮಧ್ಯಾಹ್ನ, ಅದೇ ಹಿತ್ತಾಳೆ ಲೋಟದ ತುಂಬ ಹುರಿಹಿಟ್ಟು ಕಲಸಿಕೊಂಡು ಹೋಗಿ, ಬೀದಿಯ ತರಕಾರಿ ಗಾಡಿಯವನ ತಕ್ಕಡಿಯಲ್ಲಿ ತೂಗಿಸಿದೆ. ಮೊದಲು ಖಾಲಿ ಲೋಟ, ಆಮೇಲೆ ತುಂಬಿದ ಲೋಟ. ಅವನು ನಗುತ್ತಾ ತೂಕದ ಬಟ್ಟು ಇಟ್ಟು ತೆಗೆದು, "ಮುನ್ನೂರರ ಮೇಲೆ ಸ್ವಲ್ಪ ಇದೆ ಪಾಪ, ಯಾಕೆ?" ಎಂದ. ಆ ಹುರಿಹಿಟ್ಟನ್ನು ಹಸುವಿನ ಕಲಗಚ್ಚಿಗೆ ಸುರಿದು ಬಂದೆ. ಅವತ್ತಿನಿಂದ ಮುಟ್ಟಿಲ್ಲ.

ಆಮೇಲೆ ಎಲ್ಲವೂ ಒಂದೊಂದಾಗಿ ಹೋಯಿತು. ಮೊದಲು ಕಣ, ಆಮೇಲೆ ಹಸುಗಳು, ಆಮೇಲೆ ಹೆಂಚಿನ ಮನೆ. ತಾತ ಹೋದ, ಅಜ್ಜಿ ಹೋದಳು. ಅಜ್ಜಿ ತನ್ನ ಲೋಟದ ಕಥೆ ತಿಳಿಯದೆಯೇ ಹೋದಳು, ಅಷ್ಟರ ಮಟ್ಟಿಗೆ ಒಳ್ಳೆಯದೇ ಆಯಿತು. ಆ ಹುಡುಗರ ಸಂಜೆಗಳನ್ನು ಕಿತ್ತುಕೊಂಡವಳು ನಾನು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ನಿಮ್ಮಲ್ಲೂ ಎಷ್ಟೋ ಜನ ಹೀಗೆ ಚಿಕ್ಕಂದಿನ ಒಂದು ತಪ್ಪನ್ನು ಯಾರಿಗೂ ಹೇಳದೆ ಹೊತ್ತುಕೊಂಡು ತಿರುಗುತ್ತಿರಬಹುದು. ಹೊತ್ತು ಹೊತ್ತು ಸಾಕಾಗಿದ್ದರೂ ಇಳಿಸುವುದು ಎಲ್ಲಿ ಎಂದು ತಿಳಿಯುವುದಿಲ್ಲ.

ಜಯನಗರದ ಆ ಕ್ಲಿನಿಕ್ಕಿನಲ್ಲಿ ನರ್ಸ್ ಹುಡುಗಿ, "ಚಪ್ಪಲಿ ಬಿಟ್ಟು ಮೇಲೆ ನಿಂತ್ಕೊಳ್ಳಿ ಅಂಕಲ್" ಎಂದಳು. ಚಿಕ್ಕಪ್ಪ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟ. ಫೋನು ಕೊಟ್ಟ, ಬೀಗದ ಕೈ ಕೊಟ್ಟ. ಕಣ್ಣು ಮುಚ್ಚಿಕೊಂಡು ಹತ್ತಿ ನಿಂತ. ನನಗೆ ತಡೆಯಲಾಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಸರದಿಗೆ ಕಾಯುತ್ತಾ ಲೋಟದ ವಿಷಯವನ್ನೂ ತರಕಾರಿಯವನ ತಕ್ಕಡಿಯ ವಿಷಯವನ್ನೂ ಹೇಳಿಬಿಟ್ಟೆ. ಅವನು ನನ್ನ ಕೈಯಿಂದ ವಾಚು ತೆಗೆದುಕೊಂಡು ಕಟ್ಟಿಕೊಂಡ.

"ನೀನು ಲೋಟ ಎತ್ಕೊಂಡು ಒಳಗೆ ಹೋದ್ಯಲ್ಲ, ಆಮೇಲೆ ನಾನು ಇನ್ನೊಂದ್ಸಲ ಹತ್ತಿ ನೋಡ್ದೆ ಪುಟ್ಟಿ" ಎಂದ. "ಗುಂಡು ನಾನೇ ಸರಿಸ್ದೆ. ಜಾಸ್ತಿ ತೋರಿಸ್ತು. ಇನ್ನೂ ಎರಡು ಗಂಟೆ ಟೈಮ್ ಇತ್ತು. ಕೆರೆ ಏರಿ ಮೇಲೆ ನಾಕು ಸುತ್ತು ಓಡಿದ್ರೆ ಇಳೀತಿತ್ತು."

"ಮತ್ತೆ ಯಾಕೆ ಓಡ್ಲಿಲ್ಲ?"

"ಸಾಕಾಗಿತ್ತು ಕಣಮ್ಮ."

"ಕಣ ಹೋಯ್ತಲ್ಲ ಚಿಕ್ಕಪ್ಪ?"

"ಹ್ಞೂಂ" ಎಂದ. "ಮೈದಾನಕ್ಕೆ ಹೋದ್ಮೇಲೆ ಅದು ತಲೆಗೆ ಬಂತು. ಅದಕ್ಕೇ ತಲೆ ಬೋಳಿಸ್ಕೊಂಡಿದ್ದು. ಅಷ್ಟೊತ್ತಿಗೆ ಲೇಟಾಗಿತ್ತು. ನೀನು ಇಷ್ಟು ವರ್ಷ ನಿನ್ನಿಂದ ಅಂದ್ಕೊಂಡಿದ್ಯಾ? ಅಯ್ಯೋ, ಹುಚ್ಚಿ."

ವಾಪಸಾಗುವಾಗ ಗಿರಣಿಯ ಮುಂದೆ ಅವನು ನಿಂತ. ನಾನು ಕಾಲು ಕೆಜಿ ಹುರಿಹಿಟ್ಟು ಕಟ್ಟಿಸಿದೆ. ಅರೆಕೆರೆಯಲ್ಲಿ ಅವನಿರುವುದು ಕಣದ ಮೇಲೆ ಎದ್ದ ಕಟ್ಟಡದ ನೆಲಮಹಡಿಯಲ್ಲಿ. ಅವನ ಊಟದ ಮೇಜು ಇರುವ ಜಾಗದಲ್ಲಿ, ನನ್ನ ಅಂದಾಜು ಸರಿಯಿದ್ದರೆ, ಮಧ್ಯದ ಗೆರೆ ಹಾದುಹೋಗುತ್ತಿತ್ತು. ಬೆಲ್ಲ ಹಾಕದೆ ಹಾಲಿನಲ್ಲಿ ಕಲಸಿ, ಅಜ್ಜಿಯ ಹಿತ್ತಾಳೆ ಲೋಟ ಎಲ್ಲಿ ಹೋಯಿತೋ ಗೊತ್ತಿಲ್ಲದ ಕಾರಣ ಸ್ಟೀಲಿನ ಲೋಟದಲ್ಲೇ ಅವನ ಮುಂದಿಟ್ಟೆ. ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಅರ್ಧ ಕುಡಿದ. ಲೋಟವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ, "ಸಾಕು ಪುಟ್ಟಿ" ಎಂದ. ಉಳಿದದ್ದನ್ನು ನಾನು ಕುಡಿದೆ.