ಮಗಳಿಗಿಂತ ಚಿಕ್ಕ ಅಪ್ಪ

ಕೆಂಭಾವಿಯ ಹತ್ತಿರದ ಹಳ್ಳಿಯೊಂದಕ್ಕೆ ನಾನು ವಿಜ್ಞಾನದ ಶಿಕ್ಷಕಿಯಾಗಿ ಹೋದಾಗ ಅಲ್ಲಿಗೆ ಕಾಲುವೆ ನೀರು ಬಂದು ಮೂರ್ನಾಲ್ಕು ವರ್ಷವಾಗಿತ್ತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಜನ ಭತ್ತ ನಾಟಿ ಮಾಡುವುದನ್ನು ಕಲಿಯುತ್ತಿದ್ದರು. ನನಗೆ ಕೋಣೆ ಬಾಡಿಗೆಗೆ ಕೊಟ್ಟಾಕೆಯನ್ನು ದೊಡ್ಡವ್ವ ಎಂದು ಕರೆಯುತ್ತಿದ್ದೆ. ಐವತ್ತರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಎರಡೆಕರೆ ಹೊಲ, ಒಂದು ಎಮ್ಮೆ. ಅಕ್ಷರ ಬಾರದು.

ಊರಿಗೆಲ್ಲ ಇದ್ದ ಒಂದೇ ಟಿ.ವಿ. ಕಾಲುವೆ ಇಲಾಖೆಯವರ ಕ್ಯಾಂಪಿನ ದೊಡ್ಡ ಕೋಣೆಯಲ್ಲಿತ್ತು. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿಗೆ ಜನ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಅದು ಮುಗಿದದ್ದೇ ತಡ, ಎಲ್ಲರೂ ಸೀರೆ ಧೋತ್ರ ಝಾಡಿಸಿಕೊಂಡು ಎದ್ದು ಹೋಗುವರು. ಒಂದು ವಾರ ಅದರ ಬೆನ್ನಿಗೇ ಹಿಂದಿಯ ಹೊಸ ಧಾರಾವಾಹಿ ಶುರುವಾಯಿತು. ಕಪ್ಪು ಆಕಾಶ, ಮಿಣಮಿಣ ಚುಕ್ಕಿ, ಬೆಳ್ಳಿ ಬಣ್ಣದ ಬಟ್ಟೆ ತೊಟ್ಟ ನಾಲ್ಕು ಜನ. ನಾನು ಏಳಲಿಲ್ಲ.

“ಯಾಕ್ರಿ ಅಕ್ಕೋರೆ, ಮನಿಗಿ ಬರೂದಿಲ್ಲೇನು?” ಎಂದಳು ದೊಡ್ಡವ್ವ.

“ಇದು ವಿಜ್ಞಾನದ್ದು, ನೋಡ್ತೀನಿ.”

“ಹಂಗಾದ್ರ ನಾನೂ ನೋಡ್ತೀನಿ,” ಎಂದು ಮತ್ತೆ ಕೂತಳು.

ಹಾಗೆ ಉಳಿದವರು ಹತ್ತೋ ಹನ್ನೊಂದೋ ಮಂದಿ. ಅವರಲ್ಲಿ ನಿಜಾಮರ ಕಾಲಕ್ಕೆ ಉರ್ದು ಶಾಲೆಯಲ್ಲಿ ಓದಿದ, ನಿವೃತ್ತ ಹಿಂದಿ ಮಾಸ್ತರರೊಬ್ಬರಿದ್ದರು. ಮಾತು ಅರ್ಥವಾಗದ ಹೆಂಗಸರಿಗೆ ಅವರು ಸಾಲು ಸಾಲಾಗಿ ಕನ್ನಡ ಮಾಡಿ ಹೇಳುವರು. ಕತೆ ಇಷ್ಟು: ಪುಟ್ಟ ಮಗಳನ್ನು ಮನೆಯಲ್ಲಿ ಬಿಟ್ಟು ಕಪ್ತಾನನೊಬ್ಬ ದೂರದ ನಕ್ಷತ್ರಕ್ಕೆ ಹೊರಡುತ್ತಾನೆ. ಆಕಾಶನೌಕೆ ಹಲಗೆಯದೆಂದು ನೋಡಿದರೇ ತಿಳಿಯುತ್ತಿತ್ತು. ಬಾಗಿಲು ಹಾಕಿದರೆ ಗೋಡೆ ಅಲುಗುತ್ತಿತ್ತು. ಕಪ್ತಾನ ಚಕ್ರ ತಿರುಗಿಸಿದರೆ ಕ್ಯಾಂಪಿನ ಗುಮಾಸ್ತರು, “ನಮ್ಮ ಕಾಲುವಿ ಗೇಟ್ ಎತ್ತಿದ್ಹಂಗ ಎತ್ತಾಕತ್ತಾನ ನೋಡ್ರಿ,” ಎಂದು ನಗುತ್ತಿದ್ದರು. ದೊಡ್ಡವ್ವ ನಗುತ್ತಿರಲಿಲ್ಲ. ಗಲ್ಲಕ್ಕೆ ಕೈ ಹಚ್ಚಿ, ರೆಪ್ಪೆ ಬಡಿಯದೆ ನೋಡುವಳು.

ಆರನೆಯದೋ ಏಳನೆಯದೋ ಕಂತಿನಲ್ಲಿ ನೌಕೆಯ ವೈದ್ಯೆ ಕಪ್ತಾನನಿಗೆ ಹೇಳಿದಳು: ನೀನು ಮರಳಿ ಹೋಗುವಷ್ಟರಲ್ಲಿ ನಿನ್ನ ಮಗಳು ನಿನಗಿಂತ ದೊಡ್ಡವಳಾಗಿರುತ್ತಾಳೆ. ಮಾಸ್ತರರು ಅದನ್ನು ಕನ್ನಡದಲ್ಲಿ ಹೇಳಿ, ತಾವೇ ತಪ್ಪು ಕೇಳಿಸಿಕೊಂಡೆವೇನೋ ಎಂಬಂತೆ ನನ್ನತ್ತ ನೋಡಿದರು.

ದಾರಿಯಲ್ಲಿ ದೊಡ್ಡವ್ವ ಕೇಳಿದಳು. “ಅಪ್ಪಗಿಂತ ಮಗಳು ದೊಡ್ಡಾಕಿ ಹೆಂಗ ಆಗ್ತಾಳ್ರಿ?”

ನನಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಅದರ ಬಗ್ಗೆ ಒಂದು ಪಾಠವಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಯಾರೋ ಅಂದದ್ದಕ್ಕೆ ಬಿಟ್ಟಿದ್ದೆ. “ಅದು ಬರೀ ಕಥಿ, ದೊಡ್ಡವ್ವ,” ಎಂದೆ.

“ಕಥಿ ಅಂತ ನನಗೂ ಗೊತ್ತದ. ಖರೇ ಇದ್ರ ಹೆಂಗ ಅಂತ ಕೇಳಿದೆ.”

ತೀರಿಕೊಂಡ ಗಂಡನ ನೆನಪಿನಿಂದ ಆಕೆ ಇದನ್ನೆಲ್ಲ ಕೇಳುತ್ತಿರಬಹುದು ಎಂದು ನನಗೆ ನಾನೇ ಕಲ್ಪಿಸಿಕೊಂಡೆ. ಸಂಜೆ ಎಮ್ಮೆಗೆ ಮೇವು ಹಾಕುವಾಗ ಮೆಲ್ಲಗೆ, “ಯಜಮಾನ್ರ ನೆನಪಾತೇನು?” ಎಂದೆ.

ಆಕೆ ಮೇವಿನ ಸಿವುಡು ಕೆಳಗಿಟ್ಟು ನಕ್ಕುಬಿಟ್ಟಳು. “ಅವನ ಸುದ್ದಿ ಯಾಕ ತಂದ್ರಿ ನಡುವ? ನಾ ವಯಸ್ಸಿನ ಲೆಕ್ಕ ಕೇಳಾಕತ್ತೇನಿ!”

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಶಹಾಪುರದಲ್ಲಿ ಬಸ್ಸು ಬದಲಿಸಿ ಯಾದಗಿರಿಗೆ ಹೋದೆ. ಅಲ್ಲಿನ ನಮ್ಮ ಮನೆಗೆ ಹೋಗುವ ಮೊದಲು ನನಗೆ ಭೌತಶಾಸ್ತ್ರ ಕಲಿಸಿದ ಉಪನ್ಯಾಸಕರ ಬಾಗಿಲು ತಟ್ಟಿದೆ. ದೊಡ್ಡವ್ವನ ಪ್ರಶ್ನೆ ಕೇಳಿ ಅವರಿಗೆ ಖುಷಿಯೋ ಖುಷಿ. ಅಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿಕೊಂಡು ಬಂದಿರಲಿಲ್ಲವಂತೆ.

“ಸ್ಟೇಷನ್ನಿಗೆ ನಡಿ,” ಎಂದು ಚಪ್ಪಲಿ ಮೆಟ್ಟಿಯೇಬಿಟ್ಟರು. ಪ್ಲಾಟ್‌ಫಾರಂ ಮೇಲೆ ನಿಂತು, ನಿಲ್ಲದೆ ಹೋಗುವ ರೈಲೊಂದನ್ನು ತೋರಿಸಿದರು. “ಅದ್ರಾಗ ಒಬ್ಬಾಂವ ಚೆಂಡು ಮ್ಯಾಲ ಒಗದು ಹಿಡಿತಾನ ಅನ್ಕೋ. ಅಂವಗ ಚೆಂಡು ನೆಟ್ಟಗ ಹೋಗಿ ನೆಟ್ಟಗ ಬರ್ತದ. ಇಲ್ಲಿ ನಿಂತ ನಮಗ ಅದು ಓರೆ ಹೋಗಿ ಓರೆ ಬರ್ತದ. ಯಾರ ಕಣ್ಣಿಗಿ ದಾರಿ ಉದ್ದ?”

“ನಮಗ.”

“ಈಗ ಚೆಂಡು ತಗದು ಬೆಳಕು ಇಡು. ಬೆಳಕಿನ ಓಟ ಎಲ್ಲರಿಗೂ ಒಂದೇ. ಜೋರೂ ಆಗೂದಿಲ್ಲ, ನಿಧಾನೂ ಆಗೂದಿಲ್ಲ. ದಾರಿ ಉದ್ದ ಅಂದ್ರ ಹೊತ್ತೂ ಹೆಚ್ಚು. ಒಳಗಿನವರಿಗಿ ಕಡಿಮಿ ಹೊತ್ತು ಹೋಗಿರ್ತದ, ನಮಗ ಹೆಚ್ಚು. ನಿನ್ನ ಕಪ್ತಾನನ ನೌಕಿ ಬೆಳಕಿನ ಓಟಕ್ಕ ಸಮೀಪ ಹೋಗ್ತದ, ಅದಕ್ಕ ಫರಕ್ ವರ್ಷಗಟ್ಟಲೆ.”

ಮೂರು ಸಲ ಹೇಳಿಸಿಕೊಂಡೆ. ಮೂರನೆಯ ಸಲಕ್ಕೆ ಅದು ತಲೆಗೆ ಹತ್ತಿ, ಮೈ ಜುಮ್ಮೆಂದಿತು.

ಭಾನುವಾರ ನಸುಕಿನ ಬಸ್ಸಿಗೇ ಹಳ್ಳಿಗೆ ಮರಳಿ, ಅಂಗಳದ ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ದೊಡ್ಡವ್ವನಿಗೆ ತೋರಿಸಿದೆ. ಆಕೆ ಕುಕ್ಕರುಗಾಲಲ್ಲಿ ಕೂತು ನೆಟ್ಟಗಿನ ಗೆರೆಯನ್ನೂ ಓರೆ ಗೆರೆಯನ್ನೂ ಬೆರಳಿನಿಂದ ಅಳೆದಳು. ಬೆಳಕಿಗೆ ಹಂಗೇಕೆ ಹಟ, ಜೋರಾಗಿ ಓಡಲು ಅದಕ್ಕೇನು ಧಾಡಿ ಎಂದಳು. ಅದು ನಮ್ಮ ಸರ್‌ಗೂ ಗೊತ್ತಿಲ್ಲವೆಂದೆ. ಓರೆ ಗೆರೆಯ ಮೇಲೆ ಮತ್ತೊಮ್ಮೆ ಬೆರಳಾಡಿಸಿ, “ಹಂಗಾದ್ರ ಮುಂಬೈ ರೈಲು ಹತ್ತಿ ಹೋದವ್ರಿಗೂ ಒಂದೀಟು ಫರಕ್ ಬೀಳಬೇಕಲ್ರಿ?” ಎಂದಳು.

ಹೌದು, ಬೀಳುತ್ತದೆ, ಅಳೆಯಲಾರದಷ್ಟು ಸಣ್ಣದು. ಅದನ್ನು ಉಪನ್ಯಾಸಕರು ನನಗೆ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಓದಿದ ನನಗಿಂತ ಒಂದು ಹೆಜ್ಜೆ ಮುಂದೆ ಆಕೆ ತಾನೇ ನಡೆದುಹೋಗಿದ್ದಳು.

ಅಂದಿನಿಂದ ಧಾರಾವಾಹಿಗೆ ಜನ ಹೆಚ್ಚಿದರು. ನಾಟಿಗೆ ಹೋದ ಹೆಂಗಸರಿಗೆಲ್ಲ ದೊಡ್ಡವ್ವ ಕೆಸರಿನಲ್ಲೇ ಗೆರೆ ಎಳೆದು ತೋರಿಸಿದ್ದಳಂತೆ. ಸುರಪುರ, ಶಹಾಪುರದಲ್ಲಿ ಮಾತ್ರ ಯಾರನ್ನು ಕೇಳಿದರೂ, “ಅದಾ? ಅದೇನು ನೋಡ್ತೀರಿ, ತಲಿಬುಡ ಇಲ್ಲ,” ಎನ್ನುತ್ತಿದ್ದರು. ಧಾರಾವಾಹಿಯನ್ನು ಯಾರೂ ನೋಡುತ್ತಿಲ್ಲ, ಬೇಗ ಮುಗಿಸುತ್ತಾರೆ ಎಂದು ಗುಮಾಸ್ತರು ಪೇಪರಿನಲ್ಲಿ ಓದಿ ಹೇಳಿದರು. ಹಾಗೇ ಆಯಿತು. ನೌಕೆ ಇದ್ದಕ್ಕಿದ್ದಂತೆ ಮರಳಿ ಹೊರಟಿತು. ಕಪ್ತಾನ ನೆಲಕ್ಕಿಳಿದು ಮನೆಯ ಹಾದಿ ಹಿಡಿದ. ಬಾಗಿಲ ಮುಂದೆ ನಿಂತು ಕೈ ಎತ್ತಿದ. ಕರೆಂಟು ಹೋಯಿತು.

ಒಬ್ಬರೂ ಎದ್ದು ಹೋಗಲಿಲ್ಲ. ಕರೆಂಟು ಬರುವಷ್ಟರಲ್ಲಿ ಬೇರಾವುದೋ ಕಾರ್ಯಕ್ರಮ ನಡೆದಿತ್ತು. ಮುಂದಿನ ವಾರ ಆ ಹೊತ್ತಿಗೆ ಒಕ್ಕಲುತನದ ಮಾತುಕತೆ.

ರಜೆಯ ಮೇಲೆ ಬಂದಿದ್ದ ಪಕ್ಕದೂರಿನ ಸೈನಿಕನೊಬ್ಬ ತಾನು ಕೊನೆಯ ಕಂತು ನೋಡಿದ್ದೇನೆ, ಕಪ್ತಾನ ಬಾಗಿಲು ಬಡಿಯದೆ ವಾಪಸು ಹೋದನೆಂದ. ಸುರಪುರದ ಬಟ್ಟೆ ಅಂಗಡಿಯವರು, ಇಲ್ಲ, ಎಲ್ಲ ಕನಸಾಗಿತ್ತು ಎಂದರು. ದೊಡ್ಡವ್ವ ಎರಡನ್ನೂ ನಂಬಲಿಲ್ಲ. “ಮಾಡಿದವ್ರನ್ನೇ ಕೇಳೂಣ್ರಿ,” ಎಂದಳು.

ಆಕೆ ಹೇಳಿದ್ದನ್ನು ಮಾಸ್ತರರು ಹಿಂದಿಯಲ್ಲಿ ಬರೆದರು. ಕರೆಂಟು ಹೋದದ್ದು, ಸೈನಿಕ ಅಂದದ್ದು, ಅಂಗಡಿಯವರು ಅಂದದ್ದು, ಕೊನೆಗೆ ಒಂದೇ ಪ್ರಶ್ನೆ: ಬಾಗಿಲು ತೆರೆದವರು ಯಾರು, ಏನು ಮಾತಾಡಿದರು? ಕೆಳಗೆ ಆಕೆಯ ಹೆಬ್ಬೆಟ್ಟು. ಟಿ.ವಿ.ಯವರ ವಿಳಾಸಕ್ಕೆ ನಾನೇ ಕೆಂಭಾವಿಯಲ್ಲಿ ಅಂಚೆಗೆ ಹಾಕಿದೆ. ಉತ್ತರ ಬಾರದೆಂದು ನನಗೆ ಖಾತ್ರಿಯಿತ್ತು.

ಭತ್ತ ತೆನೆಗಟ್ಟುವ ಹೊತ್ತಿಗೆ ಬಂತು. ‘ನಿಮ್ಮ ಪತ್ರಕ್ಕೆ ಧನ್ಯವಾದ’ ಎಂದು ಅಚ್ಚಾಗಿದ್ದ ಕಾರ್ಡು. ಅದರ ಅಂಚಿನ ಖಾಲಿ ಜಾಗದಲ್ಲಿ ಯಾರೋ ಪೆನ್ನಿನಿಂದ ಹಿಂದಿಯಲ್ಲಿ ನಾಲ್ಕು ಸಾಲು ಬರೆದಿದ್ದರು, ಹೆಸರಿರಲಿಲ್ಲ. ಮಾಸ್ತರರು ಕನ್ನಡಕ ಏರಿಸಿಕೊಂಡು ಓದಿದರು.

“ಬಾಗಿಲು ತಗದಾಕಿ ಮಗಳೇ ಅಂತ. ತಲಿಗೂದಲು ಬೆಳ್ಳಗಾಗ್ಯಾವಂತ. ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಾರ, ಅಲ್ಲಿಗಿ ಮುಗದದಂತ. ಅವರ ಮಾತೂ ಬರದಿಟ್ಟಿದ್ವಿ ಅಮ್ಮಾ, ತೋರಸಾಕ ಕಂತು ಉಳೀಲಿಲ್ಲ ಅಂತ ಬರದಾರ.”

ದೊಡ್ಡವ್ವ ಇನ್ನೊಮ್ಮೆ ಓದಿಸಿದಳು. ಕಾರ್ಡು ಇಸಿದುಕೊಂಡು, ಓದಲು ಬಾರದಿದ್ದರೂ ಆ ನೀಲಿ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಅವಳ ಮುಖ ಅರಳಿತ್ತು.

“ಹಂಗಾದ್ರ ಮಾತಾಡ್ಯಾರ,” ಎಂದಳು. “ನಮಗ ಕೇಳಿಸಿಲ್ಲ, ಅಷ್ಟೇ. ಅಕ್ಕೋರೆ, ಮೊದಲ ಯಾರು ಮಾತಾಡಿರಬೇಕ್ರಿ? ಅಪ್ಪೋ, ಮಗಳೋ?”

ಅಪ್ಪ ಎಂದೆ ನಾನು. ಮಗಳು ಎಂದರು ಮಾಸ್ತರರು. ದೊಡ್ಡವ್ವ ಎರಡಕ್ಕೂ ತಲೆಯಾಡಿಸದೆ, ಹೊಲದಲ್ಲಿ ಉಳಿದವರನ್ನೂ ಕೇಳುತ್ತೇನೆಂದು ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.