ಒಂದೇ ಪ್ರತಿ, ಇಬ್ಬರು ಓದುಗರು

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನನ್ನ ಪಾಲಿಗೆ ಉಷ್ಣ ವರ್ಗಾವಣೆ ಎಂಬ ಕಬ್ಬಿಣದ ಕಡಲೆ ಬಂತು. ನಾನು ಓದಿದ್ದು ಯಂತ್ರ ವಿನ್ಯಾಸ. ಉಷ್ಣ ವರ್ಗಾವಣೆ ಕಲಿಸುತ್ತಿದ್ದವರು ಕಾಲೇಜು ಬಿಟ್ಟುಹೋಗಿದ್ದರಿಂದ ನಮ್ಮ ವಿಭಾಗದ ಮುಖ್ಯಸ್ಥರು ಅದನ್ನು ನನ್ನ ತಲೆಗೆ ಕಟ್ಟಿದರು. ಒಂದು ದಿನ ತಾವೇ ಬಂದು ತರಗತಿಯಲ್ಲಿ ಕೂಡುವುದಾಗಿಯೂ, ಪಾಠ ಮನಸ್ಸಿಗೆ ಬಂದರಷ್ಟೇ ನೌಕರಿ ಮುಂದುವರಿಸುವುದಾಗಿಯೂ ಹೇಳಿದರು. ಯಾವ ದಿನ ಎಂದು ಮಾತ್ರ ಹೇಳಲಿಲ್ಲ.

ಹೀಗಾಗಿ ನಾನು ವಿದ್ಯಾರ್ಥಿಗಳಿಗಿಂತ ಒಂದು ಗಂಟೆ ಮುಂದಿರುವ ಮೇಡಂ ಆದೆ. ಅಥಣಿಯಿಂದ ಮೊದಲ ಬಸ್ಸಿಗೆ ಚಿಕ್ಕೋಡಿಗೆ ಬಂದು, ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ಆ ದಿನದ ಪಾಠ ಓದುತ್ತಿದ್ದೆ. ಆ ವಿಷಯಕ್ಕೆ ಅಲ್ಲಿ ಓದುವಂಥ ಪುಸ್ತಕ ಒಂದೇ, ಅದರ ಪ್ರತಿಯೂ ಒಂದೇ. ಮನೆಗೆ ಕೊಡುತ್ತಿರಲಿಲ್ಲ. ನಿಲ್ಲಿಸಿದ ಪುಟದಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಕೊಡುವ ಶೂನ್ಯ ಟಿಕೆಟ್ ಸಿಕ್ಕಿಸಿ ತರಗತಿಗೆ ಓಡುತ್ತಿದ್ದೆ.

ಮೊಬೈಲಿನಲ್ಲಿ ಎಲ್ಲ ಸಿಗುತ್ತದಲ್ಲ ಅನ್ನುತ್ತೀರಿ. ಸಿಗುತ್ತದೆ. ಆದರೆ ಈ ಪ್ರತಿಯ ಅಂಚಿನಲ್ಲಿದ್ದದ್ದು ಬೇರೆಲ್ಲೂ ಸಿಗುತ್ತಿರಲಿಲ್ಲ. ಯಾರೋ ಪೆನ್ಸಿಲಿನಲ್ಲಿ ತೆಳ್ಳಗೆ ಮರಾಠಿ ಬರೆದಿದ್ದರು. ಕುದಿಯುವಿಕೆಯ ಅಧ್ಯಾಯದಲ್ಲಿ, ಲೋಹ ಒಂದು ಹಂತ ಮೀರಿ ಕಾದರೆ ನೀರಿಗೆ ಹೋಗುವ ಶಾಖ ಕಡಿಮೆಯಾಗುತ್ತದೆ ಎಂದಿತ್ತು. ಹೆಚ್ಚಾಗಬೇಕಲ್ಲ? ಎಷ್ಟು ಓದಿದರೂ ತಲೆಗೆ ಹತ್ತಲಿಲ್ಲ. ಅಂಚಿನಲ್ಲಿ ಹೀಗಿತ್ತು: ಭಾಕರಿಯ, ಅಂದರೆ ರೊಟ್ಟಿಯ, ತವಾ ಬಹಳ ಕಾದಾಗ ನೀರು ಚಿಮುಕಿಸಿ ನೋಡು, ಹನಿ ಕೂಡಲೇ ಆರುವುದಿಲ್ಲ, ಓಡಾಡುತ್ತದೆ, ತನ್ನದೇ ಉಗಿಯ ಮೇಲೆ ಕೂತಿರುತ್ತದೆ.

ನಂಬಿ ತರಗತಿಯಲ್ಲಿ ಹೇಳಿಬಿಟ್ಟೆ. ಎಲ್ಲರೂ ನಕ್ಕರು, ಎಲ್ಲರಿಗೂ ತಿಳಿಯಿತು. ಸಂಜೆ ಮನೆಗೆ ಹೋದವಳೇ ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ತವಾದ ಮೇಲೆ ನೀರು ಹಾಕಿದೆ. ಹನಿಗಳು ನಿಜಕ್ಕೂ ಓಡಿದವು. ರೊಟ್ಟಿ ತಡವಾಯಿತೆಂದು ಅವ್ವ ಬೈದಳು, ನನಗೆ ಮಾತ್ರ ಖುಷಿಯೋ ಖುಷಿ.

ಬರೆಯುವವರು ಯಾರು? ಬರಹ ನನ್ನ ಟಿಕೆಟ್ ದಾಟಿ ದಿನದಿನಕ್ಕೂ ಮುಂದೆ ಹೋಗುತ್ತಿತ್ತು. ಗ್ರಂಥಪಾಲಕರನ್ನು ಕೇಳಿದೆ. ಮಧ್ಯಾಹ್ನ ಫ್ಯಾನಿನ ಗಾಳಿಗೆ, ಮೊಬೈಲ್ ಚಾರ್ಜಿಗೆ ಬರುವವರೇ ಬಹಳ, ಅವರಲ್ಲಿ ಓದುವವರು ಯಾರೆಂದು ಹುಡುಕಲಿ ಎಂದರು. ಅರ್ಧ ತರಗತಿಯ ಮನೆಮಾತು ಮರಾಠಿ, ಹಾಗಾಗಿ ಅದರಿಂದಲೂ ಸುಳಿವು ಸಿಗಲಿಲ್ಲ. ಪಾಠದ ನಡುವೆ ಒಬ್ಬೊಬ್ಬರ ಮುಖವನ್ನೂ ಪೊಲೀಸರಂತೆ ನೋಡುತ್ತಿದ್ದೆ.

ಪ್ರಶ್ನೆ ಕೇಳುತ್ತಿದ್ದವಳು ಒಬ್ಬಳೇ, ಕೊಗನೊಳ್ಳಿಯಿಂದ ಬರುತ್ತಿದ್ದ ಹುಡುಗಿ. ಅವಳು ಎದ್ದಾಗಲೆಲ್ಲ, ನನಗೆ ಗೊತ್ತಿಲ್ಲದ್ದನ್ನು ಕೇಳಿಯಾಳು ಎಂದು ಹೆದರುತ್ತಿದ್ದೆ. ಆದರೆ ಕೇಳುತ್ತಿದ್ದದ್ದು ಪ್ರತಿ ಸಲವೂ ನಾನು ಆಗಷ್ಟೇ ಓದಿ ಬಂದದ್ದನ್ನೇ. ನನ್ನ ಅದೃಷ್ಟ ಗಟ್ಟಿ ಎಂದುಕೊಂಡೆ.

ಕಬ್ಬು ನುರಿಸುವ ದಿನಗಳು. ಒಂದು ಮುಂಜಾನೆ ದಾರಿಯಲ್ಲಿ ಕಬ್ಬಿನ ಟ್ರೇಲರ್ ಮಗುಚಿ ಬಸ್ಸು ನಿಂತುಬಿಟ್ಟಿತು. ಗ್ರಂಥಾಲಯಕ್ಕೆ ಹೋಗಲು ಸಮಯ ಉಳಿಯಲಿಲ್ಲ, ನೇರ ತರಗತಿಗೆ ಓಡಿದೆ. ಹಿಂದಿನ ಬೆಂಚಿನಲ್ಲಿ ಮುಖ್ಯಸ್ಥರು ಕೂತಿದ್ದರು. ಆ ದಿನ ವಿಕಿರಣದ ಹೊಸ ಅಧ್ಯಾಯ ಶುರುವಾಗಬೇಕು, ನಾನು ಅದರ ಒಂದು ಸಾಲೂ ಓದಿರಲಿಲ್ಲ.

ಆಗ ಆ ಹುಡುಗಿ ಎದ್ದು ನಿಂತಳು. "ಮೇಡಂ, ಆ ಕಾದ ತವಾದ್ದು ಇನ್ನೊಮ್ಮೆ ಹೇಳ್ರಿ. ನನಗ ತಿಳಿದಿಲ್ಲ."

ಅವಳಿಗೆ ತಿಳಿದಿಲ್ಲವೇ ಎಂದು ಎಲ್ಲರೂ ತಿರುಗಿ ನೋಡಿದರು. ನಾನು ಮಾತ್ರ ಆ ಪ್ರಶ್ನೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಹಲಗೆಯ ಮೇಲೆ ತವಾ ಬರೆದೆ, ಹನಿ ಬರೆದೆ, ಉಗಿ ಬರೆದೆ, ಅವ್ವನ ಬೈಗುಳವನ್ನೂ ಹೇಳಿದೆ. ಗಂಟೆ ಹೊಡೆಯಿತು. ಮುಖ್ಯಸ್ಥರು ಹೋಗುವಾಗ, ಇವತ್ತು ತಮ್ಮ ಮನೆಯ ತವಾದ ಮೇಲೂ ನೋಡುವುದಾಗಿ ಹೇಳಿ ನಕ್ಕರು. ನೌಕರಿ ಉಳಿಯಿತು ಎಂದು ಆ ನಗುವಿನಲ್ಲೇ ತಿಳಿಯಿತು.

ಮಧ್ಯಾಹ್ನ ವಿಕಿರಣ ಓದಲೆಂದು ಗ್ರಂಥಾಲಯಕ್ಕೆ ಹೋದೆ. ಪುಸ್ತಕ ಅವಳ ಮುಂದಿತ್ತು. ನನ್ನನ್ನು ನೋಡಿ ಪೆನ್ಸಿಲನ್ನು ಸರಕ್ಕನೆ ಓಢಣಿಯಲ್ಲಿ ಮುಚ್ಚಿದಳು. ಬೈಯುವ ಮನಸ್ಸೇನೂ ನನಗಿರಲಿಲ್ಲ. ತವಾದ್ದು ಬರೆದವಳೇ ನೀನು, ನಿನಗೇ ತಿಳಿಯಲಿಲ್ಲವೇ ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. "ಮುಂಜಾನೆ ಬಂದು ನೋಡಿದ್ನಿರಿ ಮೇಡಂ. ನಿಮ್ಮ ಟಿಕೀಟ ಮುಂದ ಹೋಗಿರಲಿಲ್ಲ."

ನಾಚಿಕೆಯೂ ಆಯಿತು, ಕಣ್ಣೂ ತುಂಬಿತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಅವಳು ಪುಸ್ತಕವನ್ನು ನಮ್ಮಿಬ್ಬರ ನಡುವೆ ಸರಿಸಿದಳು.